ತೇಗದ ತುದಿಯಲ್ಲಿ ನೆಲದ ಸತ್ವ

ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ತೇಗ ನೆಡಲು ಹೊರಟವರು ಚಾಲಿಯಾರ್ ಹೊಳೆಯ ದಂಡೆಯನ್ನು ಆರಿಸಿಕೊಂಡರು. ಮೆಕ್ಕಲು ಮಣ್ಣು ಆಳವಾಗಿತ್ತು, ನೀರು ನಿಲ್ಲುತ್ತಿರಲಿಲ್ಲ. ತೇಗಕ್ಕೆ ಬೇಕಾದದ್ದೂ ಅದೇ. ಅದೇ ಸಸಿಯನ್ನು ಮುರಕಲ್ಲಿನ ದಿಬ್ಬದಲ್ಲಿ ನೆಟ್ಟರೆ ಮೂವತ್ತು ವರ್ಷ ಕಳೆದರೂ ಗಿಡ್ಡ, ಸೊಟ್ಟ. ಈ ವ್ಯತ್ಯಾಸವನ್ನು ಒಂದು ಅಂಕಿಯಲ್ಲಿ ಹಿಡಿಯುವುದು ಹೇಗೆ?

ಮರದ ದಪ್ಪ ನೋಡಿದರಾಯಿತು ಎನ್ನಿಸಬಹುದು. ಆದರೆ ದಪ್ಪ ಎಂಬುದು ನೆರೆಹೊರೆಯ ವ್ಯವಹಾರ. ಒತ್ತೊತ್ತಾಗಿ ನೆಟ್ಟರೆ ಒಳ್ಳೆಯ ನೆಲದಲ್ಲೂ ಕಾಂಡ ಸಪೂರ; ಹೊಲದ ಬದುವಿನ ಒಂಟಿ ತೇಗ ಸಾಧಾರಣ ನೆಲದಲ್ಲೂ ಗುಂಡಗೆ ಬೆಳೆಯುತ್ತದೆ. ಎತ್ತರ ಮಾತ್ರ ಈ ಒತ್ತಡಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಹಾಗೆಂದು ಎಲ್ಲ ಮರಗಳ ಸರಾಸರಿ ತೆಗೆಯುವಂತಿಲ್ಲ. ತೋಪಿನ ಬಡಕಲು ಮರಗಳನ್ನು ಕಡಿದು ತೆಳುಗೊಳಿಸಿದ ದಿನವೇ ಸರಾಸರಿ ಜಿಗಿದುಬಿಡುತ್ತದೆ, ನೆಲ ಮಾತ್ರ ನಿನ್ನೆಯದೇ! ಅದಕ್ಕೇ ನಮ್ಮ ಅರಣ್ಯಶಾಸ್ತ್ರದಲ್ಲಿ ಹೆಕ್ಟೇರಿಗೆ ಅತಿ ದಪ್ಪನೆಯ 250 ಮರಗಳ ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ರೂಢಿ.

ಅಳೆಯಲು ಮರ ಹತ್ತಬೇಕಿಲ್ಲ. ಸಮತಟ್ಟು ನೆಲದಲ್ಲಿ ಹಿಂದೆ ಹಿಂದೆ ಸರಿಯುತ್ತಾ, ತುದಿ 45 ಡಿಗ್ರಿ ಕೋನದಲ್ಲಿ ಕಾಣುವಲ್ಲಿ ನಿಲ್ಲಿ. ಬುಡದವರೆಗೆ 24 ಮೀಟರ್, ನಿಮ್ಮ ಕಣ್ಣಿನ ಎತ್ತರ ಒಂದೂವರೆ ಮೀಟರ್ ಇದ್ದರೆ ಮರ 25.5 ಮೀಟರ್. ಕಾಗದದ ತುಂಡನ್ನು ತ್ರಿಕೋನವಾಗಿ ಮಡಿಸಿದರೂ ಕೆಲಸ ನಡೆಯುತ್ತದೆ.

ಇಪ್ಪತ್ತು ವರ್ಷದ ತೋಪನ್ನು ನಲವತ್ತು ವರ್ಷದ ತೋಪಿನೊಡನೆ ಹೋಲಿಸುವುದು ಹೇಗೆ? ವಯಸ್ಸಿಗೆ ತಕ್ಕ ಎತ್ತರದ ರೇಖೆಗಳಿವೆ. ಅವುಗಳ ಮೇಲೆ ಸಾಗಿ 50ನೇ ವರ್ಷಕ್ಕೆ ಮರ ಎಷ್ಟು ಎತ್ತರ ಮುಟ್ಟೀತು ಎಂದು ನೋಡುತ್ತಾರೆ. ಭಾರತ ಮತ್ತು ಬರ್ಮಾದ ತೇಗದ ನೆಡುತೋಪುಗಳಿಗಾಗಿ 1940ರಲ್ಲಿ ಪ್ರಕಟವಾದ ಕೋಷ್ಟಕಗಳು ನೆಲವನ್ನು ಹೀಗೆಯೇ ನಾಲ್ಕು ದರ್ಜೆಗಳಾಗಿ ವಿಂಗಡಿಸಿದವು. ದರ್ಜೆ ಗೊತ್ತಾದರೆ ಎಷ್ಟು ನಾಟಾ ಸಿಕ್ಕೀತು ಎಂಬ ಅಂದಾಜೂ ಸಿಗುತ್ತದೆ. 1990ರ ದಶಕದಲ್ಲಿ ತೇಗದ ಹೂಡಿಕೆಯ ಜಾಹೀರಾತುಗಳನ್ನು ನಂಬಿ ಹಣ ಹಾಕಿದವರು ‘ನಿಮ್ಮ ನೆಲ ಯಾವ ದರ್ಜೆಯದು?’ ಎಂದು ಕೇಳಬಹುದಿತ್ತು.

ಈ ಅಳತೆಗೂ ಕುಂದುಗಳಿವೆ. ಸಸಿಯ ಮೊದಲ ಕೆಲವು ವರ್ಷಗಳ ಬೆಳವಣಿಗೆ ನೆಲಕ್ಕಿಂತ ಹೆಚ್ಚಾಗಿ ಕಳೆ, ದನ, ಬೆಂಕಿಯ ಕತೆಯನ್ನು ಹೇಳುತ್ತದೆ. ಎಲೆ ತಿನ್ನುವ ಹುಳು ಪದೇ ಪದೇ ಬಂದ ತೋಪು ಒಳ್ಳೆಯ ನೆಲದಲ್ಲೂ ಹಿಂದೆ ಬೀಳಬಹುದು. ಇನ್ನು ಮರವೇ ಇಲ್ಲದ ಬೋಳು ಜಾಗದಲ್ಲಿ ಅಳೆಯುವುದೇನನ್ನು? ಅಲ್ಲಿ ಗುದ್ದಲಿ ಹಿಡಿದು ಗುಂಡಿ ತೋಡಿ, ಕಲ್ಲು ಎಷ್ಟು ಆಳದಲ್ಲಿ ಎದುರಾಗುತ್ತದೆಂದು ನೋಡಬೇಕು.