ಕಂಪೈಲ್ ಆದ ಮಾತ್ರಕ್ಕೆ ಇಂಟರ್‌ಫೇಸ್ ಕೆಲಸ ಮುಗಿಯಲ್ಲ

ಇಂಟರ್‌ಫೇಸ್ ಅಂದರೆ ಒಂದು ಕ್ಲಾಸಿನಲ್ಲಿ ಯಾವ ಮೆಥಡ್‌ಗಳು ಇರಲೇಬೇಕು ಅನ್ನುವ ಪಟ್ಟಿ. ಜಾವಾದಲ್ಲಿ ಅದನ್ನು ಪಾಲಿಸುತ್ತೇನೆ ಎನ್ನಲು ಇಂಪ್ಲಿಮೆಂಟ್ಸ್ ಅಂತ ಬರೆದು ಒಂದು ಕ್ಲಿಕ್ ಮಾಡಿದರೆ ಐಡಿಇ (ಕೋಡ್ ಬರೆಯುವ ಸಾಫ್ಟ್‌ವೇರ್) ಖಾಲಿ ಮೆಥಡ್‌ಗಳನ್ನು ತಂದು ಸುರಿಯುತ್ತದೆ. ಅವುಗಳಲ್ಲಿ ಸುಮ್ನೆ ರಿಟರ್ನ್ ನಲ್, ರಿಟರ್ನ್ ಸೊನ್ನೆ ಅಂತ ಟೈಪಿಗೆ ತಕ್ಕಂತೆ ಏನೋ ಒಂದು ಹಾಕಿದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಅದು ಮುಖ್ಯವಾಗಿ ನೋಡುವುದು ಹೆಸರು, ಪ್ಯಾರಾಮೀಟರ್, ರಿಟರ್ನ್ ಟೈಪ್. ನಿಜವಾದ ಷರತ್ತುಗಳು ಡಾಕ್ಯುಮೆಂಟೇಶನ್‌ನಲ್ಲಿರುತ್ತವೆ, ಅದನ್ನು ಓದುವವರು ಕಡಿಮೆ.

ಎರಡು ಆಬ್ಜೆಕ್ಟ್‌ಗಳನ್ನು ಹೋಲಿಸಲು ಇರುವ ಕಂಪೇರಬಲ್ ಇಂಟರ್‌ಫೇಸ್ ತೆಗೆದುಕೊಳ್ಳಿ. ಇರುವುದೇ ಒಂದು ಮೆಥಡ್, ಕಂಪೇರ್‌ಟು. ಉತ್ತರ ಮೈನಸ್ ಆದರೆ ಮೊದಲನೆಯದು ಚಿಕ್ಕದು, ಪ್ಲಸ್ ಆದರೆ ದೊಡ್ಡದು, ಸೊನ್ನೆ ಆದರೆ ಸಮ. ಕೋಡ್ ರಿವ್ಯೂನಲ್ಲಿ ನಾನು ಜಾಸ್ತಿ ನೋಡುವುದು ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದು ಉತ್ತರವನ್ನು ಹಾಗೇ ರಿಟರ್ನ್ ಮಾಡುವ ಒಂದು ಸಾಲಿನ ಜಾಣತನ. ವಯಸ್ಸು, ಅಂಕ ಆದರೆ ಪರವಾಗಿಲ್ಲ. ಬ್ಯಾಲೆನ್ಸನ್ನು ಪೈಸೆ ಲೆಕ್ಕದಲ್ಲಿ ಇಂಟ್ (ಪೂರ್ಣಾಂಕದ ಟೈಪ್) ಆಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಖಾತೆಯಲ್ಲಿ 2 ಕೋಟಿ ರೂಪಾಯಿ, ಇನ್ನೊಂದರಲ್ಲಿ ಮೈನಸ್ 2 ಕೋಟಿ. ಕಳೆದರೆ 400 ಕೋಟಿ ಪೈಸೆ ಬರಬೇಕು, ಆದರೆ ಇಂಟ್‌ನ ಮಿತಿ 214 ಕೋಟಿ ಚಿಲ್ಲರೆ. ಮಿತಿ ದಾಟಿದ ಲೆಕ್ಕ ಮೈನಸ್ ಕಡೆಗೆ ಸುತ್ತಿಕೊಂಡು ಉತ್ತರ ಮೈನಸ್ 29,49,67,296 ಆಗಿಬಿಡುತ್ತದೆ, ಅಂದ್ರೆ ದುಡ್ಡಿದ್ದವನೇ ಸಾಲಗಾರನಿಗಿಂತ ಕೆಳಗೆ!

ಇಲ್ಲಿ ಮುರಿದದ್ದು ಇಂಟರ್‌ಫೇಸಿನ ಷರತ್ತು. ಎ ಬಿಗಿಂತ ದೊಡ್ಡದು, ಬಿ ಸಿಗಿಂತ ದೊಡ್ಡದು ಅಂದಮೇಲೆ ಎ ಸಿಗಿಂತ ದೊಡ್ಡದಾಗಿರಲೇಬೇಕು. ಜಾವಾ 7ರಿಂದ ಆಬ್ಜೆಕ್ಟ್‌ಗಳನ್ನು ಸಾರ್ಟ್ ಮಾಡುವ ಟಿಮ್‌ಸಾರ್ಟ್ ಎಂಬ ವಿಧಾನ ಈ ಗೊಂದಲ ಕಂಡರೆ ಕೆಲವೊಮ್ಮೆ ಎಕ್ಸೆಪ್ಶನ್ (ಓಡುವಾಗ ಬರುವ ದೋಷ) ಎಸೆಯುತ್ತದೆ. ಆದರೆ 32ಕ್ಕಿಂತ ಕಡಿಮೆ ಐಟಂ ಇದ್ದರೆ ಅದು ಬೇರೆ ಸರಳ ದಾರಿ ಹಿಡಿಯುತ್ತದೆ, ಅಲ್ಲಿ ಆ ಪರೀಕ್ಷೆಯೇ ಇಲ್ಲ. ಹತ್ತು ಐಟಂ ಹಾಕಿ ಟೆಸ್ಟ್ ಮಾಡಿದವರಿಗೆ ಎಲ್ಲ ಹಸಿರು, ತೊಂದರೆ ಕಾಣುವುದು ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಬಳಕೆಯಲ್ಲಿ. ಪರಿಹಾರ ತುಂಬ ಸುಲಭ: ಕಳೆಯಬೇಡಿ, ಇಂಟೀಜರ್ ಡಾಟ್ ಕಂಪೇರ್ ಬಳಸಿ.

ಜಾವಾ ಲೈಬ್ರರಿಯೂ ಅಷ್ಟೇನೂ ಸಾಚಾ ಅಲ್ಲ. ಲಿಸ್ಟ್ ಡಾಟ್ ಆಫ್ ಕೊಡುವುದು ಲಿಸ್ಟೇ, ಆದರೆ ಅದಕ್ಕೆ ಆ್ಯಡ್ ಮಾಡಿದರೆ ಎಕ್ಸೆಪ್ಶನ್. ದಶಮಾಂಶ ಸಂಖ್ಯೆಗಳ ಬಿಗ್‌ಡೆಸಿಮಲ್ ಕ್ಲಾಸಿನಲ್ಲಿ 1.0 ಮತ್ತು 1.00 ಕಂಪೇರ್‌ಟು ಪ್ರಕಾರ ಸಮ, ಈಕ್ವಲ್ಸ್ ಪ್ರಕಾರ ಬೇರೆ. ಎರಡನ್ನೂ ಕಂಪೇರ್‌ಟು ನೋಡುವ ಟ್ರೀಸೆಟ್‌ಗೆ ಹಾಕಿದರೆ ಒಂದು ಉಳಿಯುತ್ತದೆ, ಈಕ್ವಲ್ಸ್ ನೋಡುವ ಹ್ಯಾಶ್‌ಸೆಟ್‌ಗೆ ಹಾಕಿದರೆ ಎರಡೂ. ಡಾಕ್ಯುಮೆಂಟೇಶನ್‌ನಲ್ಲಿ ಇದೆಲ್ಲ ಬರೆದಿದೆ, ನಿಜ. ಕಂಪೈಲರ್ ಅದನ್ನು ಓದಲ್ಲ ಅಲ್ವಾ?

ಅದಕ್ಕೇ ನಾನು ಟೆಸ್ಟನ್ನು ಕ್ಲಾಸಿಗೆ ಬರೆಯುವ ಮೊದಲು ಇಂಟರ್‌ಫೇಸಿಗೆ ಬರೆಯಿರಿ ಅನ್ನುತ್ತೇನೆ. ಜಾವಾ 8 (2014) ಇಂಟರ್‌ಫೇಸ್ ಒಳಗೇ ಡಿಫಾಲ್ಟ್ ಮೆಥಡ್ (ಒಳಗಿನ ಕೋಡ್ ಸಮೇತ ಇರುವ ಮೆಥಡ್) ಬರೆಯಲು ಬಿಟ್ಟಿತು, ಟೆಸ್ಟ್ ಓಡಿಸುವ ಜೆಯುನಿಟ್ 5 ಅದನ್ನು ಟೆಸ್ಟ್ ಆಗಿಯೂ ಓಡಿಸುತ್ತದೆ. ಷರತ್ತುಗಳನ್ನೆಲ್ಲ ಅಲ್ಲಿ ಒಂದೇ ಸಲ ಬರೆದಿಟ್ಟರೆ, ಹೊಸ ಇಂಪ್ಲಿಮೆಂಟೇಶನ್ ಬರೆದವರು ತಮ್ಮ ಆಬ್ಜೆಕ್ಟ್ ಕೊಟ್ಟರೆ ಸಾಕು, ಅದೇ ಟೆಸ್ಟ್‌ಗಳು ಅದರ ಮೇಲೂ ಓಡುತ್ತವೆ.