ಎರಡು ಕಡ್ಡಿ ಕಡಿಮೆಯಾದ ಬೆಳಿಗ್ಗೆ

ಒಂದು ಬೆಳಿಗ್ಗೆ ಎದ್ದು ನೋಡಿದರೆ ಫೋನಿನಲ್ಲಿ ಎರಡು ಕಡ್ಡಿ ಕಡಿಮೆ. ಹಿಂದಿನ ರಾತ್ರಿ ಮಲಗುವಾಗ ನಾಲ್ಕಕ್ಕೆ ನಾಲ್ಕೂ ಇದ್ದವು. ಮನೆಯವರು "ಟವರ್ ಕೆಟ್ಟಿರಬೇಕು, ಫೋನ್ ಮಾಡಿ ಹೇಳು" ಅಂದರು. ನನಗೋ ಖುಷಿ. ಹಲ್ಲುಜ್ಜುವುದನ್ನೂ ಬಿಟ್ಟು ಕಿಟಕಿ ಹತ್ತಿರ ಹೋಗಿ ವೇಗ ಅಳೆದೆ. ಹಿಂದಿನ ದಿನದ ಮೂರು ಪಟ್ಟು ಬಂತು. ತಿಂಗಳುಗಟ್ಟಲೆ ಕಾದಿದ್ದು ಇದಕ್ಕೇ ಅಲ್ವಾ!

ಮೊಬೈಲ್ ಕಂಪನಿ ಒಂದು ಪ್ರದೇಶದ ನೆಟ್‌ವರ್ಕನ್ನು ಹೊಸದು ಮಾಡುವಾಗ ಅದನ್ನು ಹೊರಗೆ ನಿಂತು, ಕೈಯಲ್ಲಿ ಬರೀ ಒಂದು ಫೋನ್ ಹಿಡಿದು ಹಿಂಬಾಲಿಸುವ ಹುಚ್ಚು ನನ್ನದು. ಕೆಲವರು ಹಕ್ಕಿ ನೋಡುತ್ತಾರೆ, ಕೆಲವರು ರೈಲಿನ ಎಂಜಿನ್ ನಂಬರ್ ಬರೆದಿಟ್ಟುಕೊಳ್ಳುತ್ತಾರೆ, ನಾವು ಟವರ್ ನೋಡುತ್ತೇವೆ. ಕಂಪನಿಯ ಪ್ರಕಟಣೆಯಲ್ಲಿ ಇರುವುದು ಒಂದೇ ಸಾಲು, "ಈ ಭಾಗದಲ್ಲಿ ನೆಟ್‌ವರ್ಕ್ ಮೇಲ್ದರ್ಜೆಗೆ ಏರಿಸಲಾಗಿದೆ" ಅಂತ. ನೆಲದ ಮೇಲೆ ನಡೆಯುವುದು ಬೇರೆಯೇ. ಅದು ಸ್ವಿಚ್ ಒತ್ತಿದ ಹಾಗೆ ಒಂದೇ ಸಲ ಆಗುವುದಿಲ್ಲ, ಒಂದೊಂದು ಟವರ್, ಒಂದೊಂದು ಬ್ಯಾಂಡ್ (ಟವರ್ ಬಳಸುವ ಫ್ರೀಕ್ವೆನ್ಸಿಗಳ ಒಂದು ಗುಂಪು), ಕೆಲವೊಮ್ಮೆ ಟವರಿನ ಒಂದು ಮುಖ ಇವತ್ತು, ಇನ್ನೊಂದು ಮುಖ ಮುಂದಿನ ವಾರ ಅಂತ ಕುಂಟುತ್ತಾ ಬರುತ್ತದೆ. ಆ ಕುಂಟುನಡಿಗೆ ನೋಡುವುದರಲ್ಲೇ ಮಜಾ ಇರುವುದು.

ಮೊದಲು ಆ ಕಡ್ಡಿಗಳ ವಿಷಯ ಮುಗಿಸಿಬಿಡುತ್ತೇನೆ. ಎಷ್ಟು ಸಿಗ್ನಲ್ ಇದ್ದರೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದಕ್ಕೆ ಜಗತ್ತಿನಲ್ಲಿ ಒಂದೇ ನಿಯಮ ಅಂತ ಇಲ್ಲ. ಪ್ರತಿ ಫೋನ್ ಕಂಪನಿ ತನಗೆ ಬೇಕಾದ ಲೆಕ್ಕ ಇಟ್ಟುಕೊಂಡಿದೆ. 2010ರಲ್ಲಿ ಐಫೋನ್ 4 ಬಂದಾಗ, ಕಡ್ಡಿ ಲೆಕ್ಕ ಹಾಕುವ ತನ್ನ ಸೂತ್ರವೇ ತಪ್ಪು, ಎಷ್ಟೋ ಸಲ ಎರಡು ಕಡ್ಡಿ ಜಾಸ್ತಿ ತೋರಿಸುತ್ತಿದೆ ಅಂತ ಆಪಲ್ ತಾನೇ ಒಪ್ಪಿಕೊಂಡಿತ್ತು. ಹಾಗಾಗಿ ನಮ್ಮಂಥವರು ಕಡ್ಡಿ ನೋಡುವುದಿಲ್ಲ, ಅದರ ಹಿಂದಿರುವ ಅಂಕಿ ನೋಡುತ್ತೇವೆ. ಐಫೋನಿನಲ್ಲಿ *3001#12345#* ಅಂತ ಡಯಲ್ ಮಾಡಿದರೆ ಒಂದು ಗುಟ್ಟಿನ ಪುಟ ತೆರೆಯುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಇದೆ. ಇನ್ನೂ ಸಲೀಸಾಗಿ ಬೇಕೆಂದರೆ ಸೆಲ್‌ಮ್ಯಾಪರ್ ತರಹದ ಆ್ಯಪ್‌ಗಳಿವೆ.

ಅಲ್ಲಿ ಕಾಣುವ ಮುಖ್ಯ ಅಂಕಿ ಆರ್‌ಎಸ್‌ಆರ್‌ಪಿ. ಟವರ್ ಕಳಿಸುವ ಗುರುತಿನ ಸಂಕೇತ ನಮ್ಮ ಫೋನಿಗೆ ಎಷ್ಟು ಗಟ್ಟಿಯಾಗಿ ಬಂದು ಮುಟ್ಟುತ್ತಿದೆ ಅನ್ನುವುದರ ಅಳತೆ ಅದು. ಒಂದು ಮಿಲಿವ್ಯಾಟನ್ನು ಸೊನ್ನೆ ಅಂತ ಇಟ್ಟುಕೊಳ್ಳುವ ಡಿಬಿಎಂ ಲೆಕ್ಕದಲ್ಲಿ, ಮೈನಸ್‌ನಲ್ಲಿ ಇರುತ್ತದೆ. ಮೈನಸ್ 80 ಇದ್ದರೆ ಚೆನ್ನಾಗಿದೆ, ಮೈನಸ್ 110 ಅಂದರೆ ಏದುಸಿರು. ಪ್ರತಿ 10 ಡಿಬಿ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಭಾಗಕ್ಕೆ ಕುಸಿಯುತ್ತದೆ. "ಚೆನ್ನಾಗಿದೆ" ಅಂದೆನಲ್ಲ, ಆ ಮೈನಸ್ 80 ಎಷ್ಟು ಗೊತ್ತಾ? ಒಂದು ವ್ಯಾಟನ್ನು ಹತ್ತು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರಲ್ಲೇ ನಮ್ಮ ವಿಡಿಯೋ ಓಡುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ಫೋನನ್ನು ಬೇರೆ ಥರ ನೋಡತೊಡಗಿದೆ.

ಆ ಬೆಳಿಗ್ಗೆ ನನ್ನ ಅಂಕಿ ಮೈನಸ್ 84ರಿಂದ ಮೈನಸ್ 99ಕ್ಕೆ ಇಳಿದಿತ್ತು. 15 ಡಿಬಿ, ಅಂದರೆ ಸಿಗ್ನಲ್ ಸುಮಾರು ಮೂವತ್ತು ಪಟ್ಟು ಸೊರಗಿದೆ. ಟವರ್ ಅದೇ. ಬದಲಾದದ್ದು ಬ್ಯಾಂಡ್. ಅಲ್ಲಿಯವರೆಗೆ ನನ್ನ ಫೋನ್ ಕೂತಿದ್ದದ್ದು 900 ಮೆಗಾಹರ್ಟ್ಸ್‌ನಲ್ಲಿ, ಬರೀ 5 ಮೆಗಾಹರ್ಟ್ಸ್ ಅಗಲದ ಒಂದು ಕಿರು ಓಣಿಯಲ್ಲಿ. ರಾತ್ರೋರಾತ್ರಿ ಅದನ್ನು 1800ಕ್ಕೆ ಎತ್ತಿ ಕೂರಿಸಿದ್ದರು, ಅಲ್ಲಿ ಅಗಲ 20. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಅಲೆಯ ಉದ್ದ ಅರ್ಧವಾಗುತ್ತದೆ, ಆ ಗಿಡ್ಡ ಅಲೆಗೆ ತಕ್ಕ ಆಂಟೆನಾ ಹಿಡಿಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ 6 ಡಿಬಿ ಹೋಯಿತು. ಆರ್‌ಎಸ್‌ಆರ್‌ಪಿ ಅಳೆಯುವುದು, ಆ ಅಗಲವನ್ನು ಸೀಳಿ ಮಾಡಿದ ಒಂದೊಂದು ಸಣ್ಣ ಎಳೆಯ ಶಕ್ತಿಯನ್ನು. ಒಟ್ಟು ಶಕ್ತಿ ಅಷ್ಟೇ ಇದ್ದು ಅದನ್ನು ನಾಲ್ಕು ಪಟ್ಟು ಎಳೆಗಳಿಗೆ ಹಂಚಿದರೆ ಇನ್ನೊಂದು 6 ಡಿಬಿ ಹೋಗುತ್ತದೆ. ಉಳಿದದ್ದು ಮನೆ ಗೋಡೆಯ ಪಾಲು, ಗಿಡ್ಡ ಅಲೆಗಳಿಗೆ ಗೋಡೆ ದಾಟುವುದು ಹೆಚ್ಚು ಕಷ್ಟ.

ಹಾಗಾದರೆ ವೇಗ ಏಕೆ ಏರಿತು? ಉತ್ತರ 1948ರಲ್ಲೇ ಸಿಕ್ಕಿದೆ. ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಆ ವರ್ಷ ತೋರಿಸಿಕೊಟ್ಟ ಸೂತ್ರದ ಪ್ರಕಾರ ಒಂದು ಚಾನೆಲ್‌ನಲ್ಲಿ ಎಷ್ಟು ಮಾಹಿತಿ ಸಾಗಿಸಬಹುದು ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ, ಚಾನೆಲ್‌ನ ಅಗಲ ಮತ್ತು ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಗಟ್ಟಿ ಅನ್ನುವುದು. ಆದರೆ ಇವೆರಡೂ ಒಂದೇ ತೂಕದವಲ್ಲ. ಅಗಲ ಎರಡು ಪಟ್ಟಾದರೆ ಮಾಹಿತಿಯೂ ನೇರವಾಗಿ ಎರಡು ಪಟ್ಟು. ಸಿಗ್ನಲ್ ಎರಡು ಪಟ್ಟು ಗಟ್ಟಿಯಾದರೆ? ಚೆನ್ನಾಗಿರುವ ಜಾಗದಲ್ಲಿ ಪ್ರತಿ ಹರ್ಟ್ಸ್‌ಗೆ ಸುಮಾರು ಒಂದೇ ಒಂದು ಬಿಟ್ ಜಾಸ್ತಿ. ಐದು ಇದ್ದದ್ದು ಆರು. ಅಷ್ಟೇ. ಕಂಪನಿಗಳು ಅಗಲವಾದ ಬ್ಯಾಂಡಿಗಾಗಿ ಹರಾಜಿನಲ್ಲಿ ಜಗಳಾಡುವುದು ಸುಮ್ನೆ ಅಲ್ಲ. 5ಜಿಯ ವೇಗದ ದೊಡ್ಡ ಗುಟ್ಟೂ ಇದೇ, ಎನ್78 ಅನ್ನುವ 3300ರಿಂದ 3800 ಮೆಗಾಹರ್ಟ್ಸ್‌ನ ಬ್ಯಾಂಡಿನಲ್ಲಿ ಒಂದೇ ಚಾನೆಲ್ 100 ಮೆಗಾಹರ್ಟ್ಸ್ ಅಗಲ ಇರಬಹುದು.

ಇಲ್ಲಿ ಇನ್ನೊಂದು ತಮಾಷೆ ಇದೆ. ಫೋನ್ ತಾನಾಗಿ ಎಲ್ಲಕ್ಕಿಂತ ಗಟ್ಟಿ ಸಿಗ್ನಲ್ಲನ್ನೇ ಹಿಡಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಇಲ್ಲ. ಯಾವ ಬ್ಯಾಂಡಿಗೆ ಮೊದಲ ಮಣೆ ಅನ್ನುವುದನ್ನು ಟವರ್ ಸಾರುತ್ತಲೇ ಇರುತ್ತದೆ, ಫೋನ್ ಆ ಮಾತು ಕೇಳುತ್ತದೆ. ನೀವು ಮೇಲಿನ ಬ್ಯಾಂಡಿಗೆ ಹೋಗಿ ಕೂತರೆ ಕೆಳಗಿನ ಬ್ಯಾಂಡ್ ದೂರದವರಿಗೂ ನೆಲಮಾಳಿಗೆಯಲ್ಲಿ ಇರುವವರಿಗೂ ಉಳಿಯುತ್ತದೆ, ಅದು ಅವರ ಲೆಕ್ಕಾಚಾರ.

ನಾವು ಹಿಂಬಾಲಿಸುವ ಇನ್ನೊಂದು ಅಂಕಿ ಸೆಲ್ ಐಡಿ. ಸೆಲ್ ಅಂದರೆ ಟವರಿನ ಒಂದು ಮುಖದಲ್ಲಿ ಓಡುವ ಒಂದು ಬ್ಯಾಂಡ್. 4ಜಿಯಲ್ಲಿ ಇದು 28 ಬಿಟ್‌ಗಳ ಸಂಖ್ಯೆ, ಅದರಲ್ಲಿ 20 ಬಿಟ್ ಟವರಿನದ್ದು, 8 ಬಿಟ್ ಆ ಟವರಿನೊಳಗಿನ ಸೆಲ್‌ನದ್ದು. 8 ಬಿಟ್‌ನಲ್ಲಿ 256 ಸಂಖ್ಯೆ ಹಿಡಿಸುತ್ತವೆ, ಹಾಗಾಗಿ 256ರಿಂದ ಭಾಗಿಸಿದರೆ ಸಾಕು. ಫೋನಿನಲ್ಲಿ 18002189 ಅಂತ ಕಂಡರೆ, ಭಾಗಿಸಿದಾಗ ಟವರ್ 70321, ಉಳಿದ ಶೇಷ 13 ಸೆಲ್‌ನ ನಂಬರ್. ಒಂದು ಟವರಿಗೆ ಸಾಮಾನ್ಯವಾಗಿ ಮೂರು ಮುಖ, ಒಂದೊಂದು ಸುಮಾರು 120 ಡಿಗ್ರಿ ನೋಡಿಕೊಳ್ಳುತ್ತದೆ. ಕಂಪನಿಯ ಎಂಜಿನಿಯರುಗಳೂ ಮನುಷ್ಯರೇ, ನಂಬರ್ ಕೊಡುವಾಗ ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ಒಂದು ಬ್ಯಾಂಡಿಗೆ 1, 2, 3 ಅಂತಿದ್ದರೆ ಇನ್ನೊಂದಕ್ಕೆ 11, 12, 13. ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಒಮ್ಮೆ ಹಿಡಿತಕ್ಕೆ ಬಂದರೆ ಮುಗಿಯಿತು. ಒಂದು ದಿನ ಇದ್ದಕ್ಕಿದ್ದಂತೆ 21 ಕಂಡಿತು ಅಂದರೆ ಹೊಸ ಬ್ಯಾಂಡ್ ಬಂತು ಅಂತಲೇ ಅರ್ಥ. ಖಾತ್ರಿ ಬೇಕಾದರೆ ಪಕ್ಕದಲ್ಲಿರುವ ಚಾನೆಲ್ ನಂಬರ್ ನೋಡಬಹುದು. 1800ರ ಬ್ಯಾಂಡಿನಲ್ಲಿ ಎಣಿಕೆ 1200ರಿಂದ ಶುರು, ಅದು 1805 ಮೆಗಾಹರ್ಟ್ಸ್. ಮುಂದಿನ ಒಂದೊಂದು ನಂಬರಿಗೂ 0.1 ಮೆಗಾಹರ್ಟ್ಸ್ ಸೇರಿಸುತ್ತಾ ಹೋಗಿ. 1300 ಅಂದರೆ 1815.

ಕೆಲವು ಫೋನುಗಳು ಟೈಮಿಂಗ್ ಅಡ್ವಾನ್ಸ್ ಅನ್ನುವ ಅಂಕಿಯನ್ನೂ ತೋರಿಸುತ್ತವೆ. ದೂರದ ಫೋನಿನ ಮಾತು ಟವರಿಗೆ ತಡವಾಗಿ ತಲುಪುತ್ತದಲ್ಲ, ಅದಕ್ಕೇ ನೀನು ಇಷ್ಟು ಮೊದಲೇ ಕಳಿಸು ಅಂತ ಟವರ್ ಹೇಳುವ ಲೆಕ್ಕ ಇದು. 4ಜಿಯಲ್ಲಿ ಇದರ ಒಂದು ಹೆಜ್ಜೆ ಅಂದರೆ ಸುಮಾರು 78 ಮೀಟರ್ ದೂರ. ಹಳೆಯ 2ಜಿಯಲ್ಲಿ ಒಂದು ಹೆಜ್ಜೆ 550 ಮೀಟರ್ ಇತ್ತು, ಅದರಿಂದ ಟವರ್ ಹುಡುಕುವುದು ಕತ್ತಲೆಯಲ್ಲಿ ತಡಕಾಡಿದ ಹಾಗೆ.

ಇನ್ನು ಟವರಿನ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವ ಕೆಲಸ. ಹತ್ತಬೇಡಿ ಮತ್ತೆ, ಬೇಲಿಯ ಹೊರಗಿನಿಂದಲೇ ಸಾಕಷ್ಟು ಕಾಣುತ್ತದೆ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ, 3500ರದ್ದು 9 ಸೆಂಟಿಮೀಟರ್ ಕೂಡ ಇಲ್ಲ. ಆಂಟೆನಾದ ಒಳಗಿನ ತುಂಡುಗಳು ಅಲೆಯ ಅರ್ಧದಷ್ಟು ಇರುತ್ತವೆ, ಹಾಗಾಗಿ ಕೆಳ ಬ್ಯಾಂಡಿನ ಪ್ಯಾನೆಲ್‌ಗಳು ಆಳುದ್ದ. 5ಜಿಯ ಪೆಟ್ಟಿಗೆ ಗಿಡ್ಡ, ದಪ್ಪ, ಬೆನ್ನಿನ ಮೇಲೆ ಬಿಸಿ ಹೊರಹಾಕುವ ಲೋಹದ ಪಟ್ಟಿಗಳು. ಆ ಚಿಕ್ಕ ಪೆಟ್ಟಿಗೆಯೊಳಗೆ 64 ಟ್ರಾನ್ಸ್‌ಮಿಟರ್‌ವರೆಗೂ ಇರಬಹುದು, ಅಲೆ ಗಿಡ್ಡ ಆದ್ದರಿಂದಲೇ ಅಷ್ಟೂ ಹಿಡಿಸುತ್ತವೆ. ಟವರಿನಲ್ಲಿ ತಮಟೆಯಂತೆ ದುಂಡಗೆ ಕಾಣುತ್ತದಲ್ಲ, ಅದು ನಮ್ಮ ಜೊತೆ ಮಾತಾಡುವುದಲ್ಲ. ಅದು ಇನ್ನೊಂದು ಟವರಿನ ಜೊತೆ ಮೈಕ್ರೊವೇವ್‌ನಲ್ಲಿ ಮಾತಾಡುತ್ತದೆ.

ಆ ತಮಟೆಯಿಂದಲೇ ನಾನು ಒಮ್ಮೆ ಮೋಸ ಹೋದೆ. ನಾನು ಗಮನಿಸುತ್ತಿದ್ದ ಒಂದು ಟವರಿಗೆ ಹೊಸ ಪೆಟ್ಟಿಗೆಗಳು ಬಂದವು, ಹೊಸ ಬ್ಯಾಂಡ್ ಶುರುವಾಯಿತು, ಸಿಗ್ನಲ್ ಅಂಕಿ ಮೈನಸ್ 70ರ ಆಸುಪಾಸು, ನಾನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ವೇಗ ಮಾತ್ರ ಕಲ್ಲಿನಂತೆ ಕದಲಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅಳೆದರೂ ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು, ಬೇರೆ ಮುಖದ ಕಡೆ ಹೋಗಿ ಅಳೆದರೂ ಅದೇ ಗೆರೆ. ಆಮೇಲೆ ಹೊಳೆಯಿತು. ಗಾಳಿಯಲ್ಲಿನ ದಾರಿ ಅಗಲವಾಗಿದೆ, ಟವರಿನಿಂದ ಹಿಂದಕ್ಕೆ ಹೋಗುವ ದಾರಿ ಹಳೆಯದೇ. ಮೂರೂ ಮುಖದವರು ಸೇರಿ ಅದೇ ಹಳೆಯ ಮೈಕ್ರೊವೇವ್ ಲಿಂಕಿನಲ್ಲಿ ನೂಕಾಡುತ್ತಿದ್ದರು. ಸಿಗ್ನಲ್ ಗಟ್ಟಿ, ಜನ ಕಡಿಮೆ, ಆದರೂ ವೇಗ ಒಂದೇ ಮಟ್ಟದಲ್ಲಿ ಚಪ್ಪಟೆ ಅಂದರೆ ಈಗ ನಾನು ಮೊದಲು ಅನುಮಾನ ಪಡುವುದು ಅಲ್ಲಿಯೇ. ಫೈಬರ್ ಬಂದ ಮೇಲೆ ಆ ಗೆರೆ ಒಂದೇ ರಾತ್ರಿಯಲ್ಲಿ ಮಾಯವಾಯಿತು.

ಹಳೆಯದು ಹೋಗಿ ಹೊಸದು ಬರುವ ನಡುಗಾಲದ ವಿಷಯ ಹೇಳಲೇಬೇಕು, ಏಕೆಂದರೆ ಜನ ಬೈಯುವುದು ಆಗಲೇ, ಮತ್ತು ಅವರ ಬೈಗುಳದಲ್ಲಿ ಸತ್ಯ ಇರುತ್ತದೆ. ಹೊಸ ಟವರ್ ನಡುವೆ ಬಂದಾಗ ಹಳೆಯ ಟವರಿನ ಆಂಟೆನಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸುತ್ತಾರೆ. ಇಲ್ಲದಿದ್ದರೆ ಎರಡೂ ಒಂದರ ಮಾತಿನಲ್ಲಿ ಇನ್ನೊಂದು ಬಾಯಿ ಹಾಕುತ್ತವೆ. ಈಗ ಅದನ್ನು ಕಚೇರಿಯಲ್ಲಿ ಕೂತೇ ಮೋಟಾರ್ ತಿರುಗಿಸಿ ಮಾಡಬಹುದು. ಆದರೆ ಹಳೆಯ ಟವರಿನ ಕೊನೆಯ ಅಂಚಿನಲ್ಲಿದ್ದು, ಹೊಸದರ ಅಲೆಯೂ ಸರಿಯಾಗಿ ಮುಟ್ಟದ ಮನೆಯವರ ಪಾಡೇನು? "ಹೊಸ ಟವರ್ ಬಂದ ಮೇಲೆ ನಮ್ಮಲ್ಲಿ ಇದ್ದ ಸಿಗ್ನಲ್ಲೂ ಹೋಯ್ತು" ಅನ್ನುವ ದೂರು ಎಷ್ಟೋ ಸಲ ಅಕ್ಷರಶಃ ನಿಜ.

ಹಳೆಯ 2ಜಿ, 3ಜಿಯ ಜಾಗವನ್ನು ಖಾಲಿ ಮಾಡಿ 4ಜಿಗೆ ಕೊಡುವಾಗ ಇನ್ನೊಂದು ಪೇಚು. ಒಂದು ಪ್ರದೇಶದಲ್ಲಿ ಖಾಲಿ ಮಾಡಿದ ಫ್ರೀಕ್ವೆನ್ಸಿಯನ್ನು ಪಕ್ಕದ ಪ್ರದೇಶದಲ್ಲಿ ಹಳೆಯದು ಇನ್ನೂ ಬಳಸುತ್ತಿರುತ್ತದೆ. ಅಲೆಗಳಿಗೆ ಗಡಿ ಗೊತ್ತಿಲ್ಲ. ಅದಕ್ಕೇ ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಆ ಫ್ರೀಕ್ವೆನ್ಸಿಯನ್ನು ಎರಡೂ ಕಡೆಯವರು ಬಳಸದೆ ಬಿಡುತ್ತಾರೆ. ಅಲ್ಲಿರುವವರಿಗೆ ಹಳೆಯದೂ ಕಡಿಮೆ, ಹೊಸದೂ ಇಲ್ಲ. ಮುಂದಿನ ಪ್ರದೇಶದ ಕೆಲಸ ಮುಗಿದಾಗಲೇ ಅವರಿಗೆ ಬಿಡುಗಡೆ. ಬಿಡಿ ಬಿಡಿಯಾಗಿ ಮಾಡದೆ ಒಂದು ಇಡೀ ಪ್ರದೇಶವನ್ನು ಒಟ್ಟಿಗೆ ಹಿಡಿಯಲು ಇದೂ ಒಂದು ಕಾರಣ. ಇಡೀ ಕೆಲಸದಲ್ಲಿ ನನಗೆ ಅನ್ಯಾಯ ಅನ್ನಿಸುವುದು ಇದೊಂದೇ, ಏಕೆಂದರೆ ಆ ಪಟ್ಟಿಯಲ್ಲಿ ಇರುವವರಿಗೆ ಯಾರೂ ಮೊದಲೇ ಹೇಳುವುದಿಲ್ಲ.

5ಜಿ ಅಂತ ಮೇಲೆ ಕಾಣುವ ಗುರುತನ್ನೂ ಪೂರ್ತಿ ನಂಬಬೇಡಿ. 4ಜಿಯ ಹೆಗಲೇರಿ ನಡೆಯುವ ಬಗೆಯ 5ಜಿಯಲ್ಲಿ, ಇಲ್ಲಿ 5ಜಿ ಸಿಗಬಹುದು ಅಂತ ಹೇಳುವ ಒಂದೇ ಒಂದು ಬಿಟ್ಟನ್ನು 4ಜಿ ಟವರ್ ಸಾರುತ್ತದೆ. ಅದನ್ನು ನೋಡಿಯೇ ಗುರುತು ಹಚ್ಚಿಬಿಡುವ ಫೋನುಗಳಿವೆ, ನಿಮ್ಮ ಡೇಟಾ ಒಂದು ತೊಟ್ಟೂ 5ಜಿಯಲ್ಲಿ ಹೋಗುತ್ತಿರದಿದ್ದರೂ.

ಸದ್ಯಕ್ಕೆ ನಾನು ಕಾಯುತ್ತಿರುವುದು 317 ಅನ್ನುವ ಒಂದು ನಂಬರಿಗೆ. ಪ್ರತಿ 4ಜಿ ಸೆಲ್, ಆ ಉದ್ದದ ಸೆಲ್ ಐಡಿ ಅಲ್ಲದೆ, ತನ್ನ ಗುರುತಿಗಾಗಿ 0ರಿಂದ 503ರವರೆಗಿನ ಒಂದು ಸಂಖ್ಯೆ ಕೂಗುತ್ತಿರುತ್ತದೆ. ಅಕ್ಕಪಕ್ಕದ ಸೆಲ್‌ಗಳ ಪಟ್ಟಿಯಲ್ಲಿ ಮೊನ್ನೆಯಿಂದ 317 ಕಾಣಿಸುತ್ತಿದೆ, ಗಟ್ಟಿಯಾಗಿಯೇ ಇದೆ. ಆದರೆ ನನ್ನ ಫೋನ್ ಅದರ ಹತ್ತಿರ ಹೋಗುತ್ತಿಲ್ಲ. ಹೊಸ ಸೆಲ್ಲನ್ನು ಪರೀಕ್ಷೆಗೆ ಹಚ್ಚುವಾಗ, ಇದು ಸಾರ್ವಜನಿಕರಿಗಲ್ಲ ಅನ್ನುವ ಸೂಚನೆಯನ್ನೂ ಅದರಿಂದಲೇ ಹೊರಡಿಸುತ್ತಾರೆ. ಕಂಪನಿಯ ಪರೀಕ್ಷೆಯ ಸಿಮ್‌ಗಳಿಗೆ ಮಾತ್ರ ಪ್ರವೇಶ. ಅಂಗಡಿಯ ಬೋರ್ಡು ಹಾಕಿದೆ, ಒಳಗೆ ದೀಪ ಉರಿಯುತ್ತಿದೆ, ಬಾಗಿಲು ಮಾತ್ರ ತೆಗೆದಿಲ್ಲ. ಇಂಥ ಕೆಲಸ ಹೆಚ್ಚಾಗಿ ನಡೆಯುವುದು ನಡುರಾತ್ರಿ ಕಳೆದ ಮೇಲೆ, ಜನ ಮಲಗಿರುವಾಗ. ನಿನ್ನೆ ಎರಡು ಗಂಟೆಗೆ ಎಚ್ಚರವಾದಾಗ ನೋಡಿದೆ. 317, ಮೈನಸ್ 91. ಬಾಗಿಲು ಇನ್ನೂ ಹಾಕಿಯೇ ಇತ್ತು.