1996ರ ‘ಕ್ವೇಕ್’ ಅನ್ನು ಈಗ ದುಡ್ಡು ಕೊಟ್ಟು ಕೊಳ್ಳಬೇಕೇ?

ಪ್ರಶ್ನೆ: ನನಗೆ ಇಪ್ಪತ್ತಮೂರು ವರ್ಷ. ಮೊಬೈಲ್‌ನಲ್ಲಿ ಶೂಟಿಂಗ್ ಆಟಗಳನ್ನು ಆಡಿಕೊಂಡು ಬೆಳೆದವನು. ಈಚೆಗೆ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೇನೆ. ರಿಯಾಯಿತಿ ಮಾರಾಟದಲ್ಲಿ ‘ಕ್ವೇಕ್’ ಎಂಬ ಹಳೆಯ ಆಟದ ರೀಮಾಸ್ಟರ್, ಅಂದರೆ ಈಗಿನ ಯಂತ್ರಗಳಿಗೆ ತಕ್ಕಂತೆ ನವೀಕರಿಸಿದ ರೂಪ, ಕಾಣಿಸಿತು. ನಾನು ಹುಟ್ಟುವುದಕ್ಕೂ ಮೊದಲಿನ ಆಟ. ಚಿತ್ರಗಳಲ್ಲಿ ನೋಡಿದರೆ ಎಲ್ಲವೂ ಕಂದು ಬಣ್ಣ. ಇದು ನನ್ನಂಥವರು ಆಡುವಂಥದ್ದೇ, ಅಥವಾ ಆಗ ಆಡಿದವರು ನೆನಪಿಗೆಂದು ಕೊಳ್ಳುವಂಥದ್ದೇ?

ಉತ್ತರ: ಕೊಳ್ಳಿ. ಆದರೆ ಅದಕ್ಕೂ ಮೊದಲು, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ನಿಮಗೆ ಹಳೆಯ ಖಾತೆ ಯಾವುದಾದರೂ ಇದ್ದರೆ ಅದನ್ನು ತೆರೆದು ನೋಡಿ. 2021ರ ಆಗಸ್ಟ್ 19ರಂದು ಈ ರೀಮಾಸ್ಟರ್ ಬಿಡುಗಡೆಯಾದಾಗ, ಸ್ಟೀಮ್‌ನಲ್ಲಿ ಮೂಲ ಕ್ವೇಕ್ ಕೊಂಡಿದ್ದವರೆಲ್ಲರಿಗೂ ಅದು ಉಚಿತವಾಗಿ ಸಿಕ್ಕಿತು. ಎಂದೋ ಒಂದು ಮಾರಾಟದಲ್ಲಿ ನಾಲ್ಕಾರು ಆಟಗಳ ಜೊತೆ ಇದನ್ನೂ ಕೊಂಡು ಮರೆತವರು ಬೇಕಾದಷ್ಟು ಜನ ಇದ್ದಾರೆ. ಅಂಥವರು ಮತ್ತೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಇನ್ನು ಕಂದು ಬಣ್ಣದ ವಿಷಯ. ನಿಮ್ಮ ಅನುಮಾನ ನ್ಯಾಯವಾದದ್ದೇ, ಅದಕ್ಕೊಂದು ಕಾರಣವೂ ಇದೆ. ಅಮೆರಿಕದ ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಈ ಆಟವನ್ನು 1996ರ ಜೂನ್ 22ರಂದು ಹೊರತಂದಾಗ, ಪರದೆಯ ಮೇಲೆ ಒಟ್ಟು 256 ಬಣ್ಣಗಳನ್ನಷ್ಟೇ ಬಳಸಬಹುದಾಗಿತ್ತು. ಆಟ ಕಟ್ಟಿದವರಿಗೆ ಬೇಕಾಗಿದ್ದದ್ದು ಬೆಳಕು ಮತ್ತು ನೆರಳು. ಒಂದು ಕಲ್ಲಿನ ಗೋಡೆ ದೀಪದ ಹತ್ತಿರ ಬೆಳಗಿ, ದೂರ ಹೋದಂತೆ ಮೆಲ್ಲಗೆ ಕತ್ತಲಾಗಬೇಕಾದರೆ ಅದೇ ಬಣ್ಣದ ಹತ್ತು ಹನ್ನೆರಡು ಛಾಯೆಗಳು ಬೇಕು. ಹೀಗೆ ಒಂದೊಂದು ಬಣ್ಣಕ್ಕೂ ಛಾಯೆಗಳನ್ನು ಹಂಚುತ್ತ ಹೋದರೆ 256 ಬೇಗ ಖರ್ಚಾಗುತ್ತದೆ. ಬಣ್ಣಗಳ ಸಂಖ್ಯೆಯನ್ನು ಬಿಟ್ಟುಕೊಟ್ಟು ಅವರು ನೆರಳಿನ ಆಳವನ್ನು ಪಡೆದರು. ನಿಂತ ಚಿತ್ರದಲ್ಲಿ ಇದು ಬರೀ ಕೆಸರಿನಂತೆ ಕಾಣುತ್ತದೆ. ಒಳಗೆ ಕಾಲಿಟ್ಟು ನಡೆದಾಗಲೇ ಕತ್ತಲು ಎಷ್ಟು ಬಗೆಯದು ಎಂದು ಗೊತ್ತಾಗುವುದು. ರೀಮಾಸ್ಟರ್ ಮಾಡಿದ ನೈಟ್‌ಡೈವ್ ಸ್ಟುಡಿಯೋಸ್ ಈ ಕಂದನ್ನು ತೊಳೆದು ಥಳಥಳ ಹೊಳೆಯುವಂತೆ ಮಾಡಲಿಲ್ಲ. ಅದಕ್ಕಾಗಿ ನಾನು ಅವರಿಗೆ ಕೃತಜ್ಞ.

ಅವರು ಮಾಡಿದ್ದೇನು ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ, ಈ ಆಟದಲ್ಲಿ ನಿಜವಾಗಿ ಬೆಲೆಬಾಳುವುದು ಯಾವುದು ಎಂದು ಹೇಳದಿದ್ದರೆ ಉಳಿದದ್ದೆಲ್ಲ ಬರೀ ತಾಂತ್ರಿಕ ವಿವರವಾಗುತ್ತದೆ.

ಕ್ವೇಕ್‌ನ ಜೀವ ಇರುವುದು ಅದರ ಓಟದಲ್ಲಿ. ಈಗಿನ ಹೆಚ್ಚಿನ ಶೂಟರ್‌ಗಳಲ್ಲಿ ಮರೆಯಲ್ಲಿ ಕೂತು, ಗುರಿ ಹಿಡಿದು, ಉಸಿರು ಬಿಗಿಹಿಡಿದು ಗುಂಡು ಹಾರಿಸುತ್ತೀರಿ. ಏಟು ಬಿದ್ದರೆ ಮೂಲೆ ಸೇರಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಜೀವ ಮರಳುತ್ತದೆ. ಇಲ್ಲಿ ಅದು ಯಾವುದೂ ಇಲ್ಲ. ಕಳೆದ ಜೀವ ಮದ್ದಿನ ಪೆಟ್ಟಿಗೆ ಸಿಕ್ಕಾಗ ಮಾತ್ರ ಮರಳುತ್ತದೆ, ಆ ಪೆಟ್ಟಿಗೆ ಇರುವ ಕಡೆಗೆ ನೀವೇ ಓಡಬೇಕು. ನಿಂತವನು ಸತ್ತ. ಆದರೆ ಓಡುವುದೇ ಇಲ್ಲಿ ಒಂದು ವಿದ್ಯೆ. ಗಾಳಿಯಲ್ಲಿದ್ದಾಗ ಪಕ್ಕಕ್ಕೆ ಚಲಿಸುವ ಕೀಲಿಯನ್ನು ಒತ್ತಿ ಇಲಿಯನ್ನು (ಮೌಸ್) ಅದೇ ದಿಕ್ಕಿಗೆ ಮೆಲ್ಲಗೆ ಹೊರಳಿಸಿದರೆ ವೇಗ ಏರುತ್ತದೆ, ನೆಗೆದ ಕಡೆಯಿಂದ ಮೂಲೆ ಸುತ್ತಿ ಇಳಿಯಬಹುದು. ಕಾಲ ಕೆಳಗೆ ರಾಕೆಟ್ ಹಾರಿಸಿಕೊಂಡು, ಅದರ ಸ್ಫೋಟದ ಮೇಲೆ ಏರಿ, ಮಹಡಿಯೊಂದನ್ನು ದಾಟಬಹುದು. ಇದನ್ನೆಲ್ಲ ಯಾರೂ ಕಲಿಸುವುದಿಲ್ಲ, ಪರದೆಯ ಮೇಲೆ ಸೂಚನೆ ಬರುವುದಿಲ್ಲ. ಬೆರಳುಗಳೇ ಒಂದು ದಿನ ಕಂಡುಕೊಳ್ಳುತ್ತವೆ. ಸೈಕಲ್ ಕಲಿಯುವಾಗ ಹಿಂದಿನಿಂದ ಹಿಡಿದವರು ಕೈಬಿಟ್ಟದ್ದು ತಿಳಿಯದೆ ಮುಂದೆ ಹೋಗುತ್ತೇವಲ್ಲ, ಹಾಗೆ.

ನಮ್ಮೂರುಗಳಿಗೂ ಇದಕ್ಕೂ ಒಂದು ನಂಟಿದೆ. 2000ರ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ‘ಕೌಂಟರ್-ಸ್ಟ್ರೈಕ್’ ಆಡಿದವರು ನಿಮ್ಮ ಮನೆಯಲ್ಲೇ ಇರಬಹುದು. ಕೌಂಟರ್-ಸ್ಟ್ರೈಕ್ ಹುಟ್ಟಿದ್ದು 1998ರ ‘ಹಾಫ್-ಲೈಫ್’ ಆಟದ ಮೇಲೆ. ಹಾಫ್-ಲೈಫ್‌ನ ಎಂಜಿನ್, ಅಂದರೆ ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಕ್ವೇಕ್‌ನ ಎಂಜಿನ್‌ನಿಂದ ಬೆಳೆದದ್ದು. ಮೊಲದಂತೆ ಕುಪ್ಪಳಿಸುತ್ತ ವೇಗ ಗಳಿಸುವ ಆ ಕೆಫೆಯ ಹುಡುಗರ ಚಾಳಿ ಇದೇ ಮೂಲದ್ದು. 2003ರ ಮೊದಲ ‘ಕಾಲ್ ಆಫ್ ಡ್ಯೂಟಿ’ ಕೂಡ ‘ಕ್ವೇಕ್ 3’ರ ಎಂಜಿನ್ ಮೇಲೆಯೇ ನಿಂತಿತ್ತು. ಆದ್ದರಿಂದ ನೀವು ಮೊಬೈಲ್‌ನಲ್ಲಿ ಆಡಿದ ಆಟಗಳ ಅಜ್ಜನ ಮನೆಗೆ ಹೋಗುತ್ತಿದ್ದೀರಿ ಎಂದುಕೊಳ್ಳಿ.

ಎರಡನೆಯದು, ಹಂತಗಳ ಕಟ್ಟಡ. ಇದೇ ತಂಡ 1993ರಲ್ಲಿ ಮಾಡಿದ ‘ಡೂಮ್’ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರುವುದು ಸಾಧ್ಯವಿರಲಿಲ್ಲ, ನಕಾಶೆಯೆಲ್ಲ ಒಂದೇ ನೆಲದ ಏರಿಳಿತವಾಗಿತ್ತು. ಕ್ವೇಕ್‌ನಲ್ಲಿ ಪ್ರೋಗ್ರಾಮರ್‌ಗಳಾದ ಜಾನ್ ಕಾರ್ಮ್ಯಾಕ್ ಮತ್ತು ಮೈಕಲ್ ಅಬ್ರಾಶ್ ಸೇರಿ ಆ ಮಿತಿಯನ್ನು ಮುರಿದರು. ಸೇತುವೆಯ ಮೇಲೆ ನಡೆದು, ಅದರ ಕೆಳಗಿನ ನೀರಿನಲ್ಲಿ ಈಜಿ, ಗೋಪುರ ಹತ್ತಿ ಅದೇ ಸೇತುವೆಯನ್ನು ಮೇಲಿನಿಂದ ನೋಡಬಹುದಾಯಿತು. ಜಾನ್ ರೊಮೆರೊ, ಅಮೆರಿಕನ್ ಮೆಗೀ, ಸ್ಯಾಂಡಿ ಪೀಟರ್ಸನ್, ಟಿಮ್ ವಿಲಿಟ್ಸ್ ಇವರು ಆ ಹೊಸ ಸ್ವಾತಂತ್ರ್ಯದಲ್ಲಿ ಹಂತಗಳನ್ನು ಕಟ್ಟಿದರು. ಒಬ್ಬೊಬ್ಬರ ಕೈಯೂ ಬೇರೆ. ಮೊದಲ ಅಧ್ಯಾಯದ ಕೋಟೆಗಳು ಅಚ್ಚುಕಟ್ಟು, ನಾಲ್ಕನೆಯದರಲ್ಲಿ ಪೀಟರ್ಸನ್ ಅವರ ಹಂತಗಳು ವಿಚಿತ್ರ, ಕೆಲವೊಮ್ಮೆ ಕ್ರೂರ. ಎತ್ತರದ ಕಟ್ಟೆಯ ಮೇಲೆ ನಿಂತು ಓಗರ್ ಎಂಬ ರಾಕ್ಷಸ ಕೆಳಗಿರುವ ನಿಮ್ಮ ಮೇಲೆ ಗ್ರನೇಡ್ ಎಸೆಯುತ್ತಾನೆ. ಅವು ಪುಟಿಯುತ್ತ ಮೆಟ್ಟಿಲಿಳಿದು ಬರುತ್ತವೆ. ಮೇಲೆ ನೋಡುವುದನ್ನು ಆಟ ನಿಮಗೆ ಕಲಿಸುವುದು ಹೀಗೆ. ಸತ್ತವರು ಎದ್ದು ಬಂದರೆ ಸಾಮಾನ್ಯ ಗುಂಡಿಗೆ ಬಿದ್ದು ಮತ್ತೆ ಏಳುತ್ತಾರೆ, ಸ್ಫೋಟಕ್ಕೆ ಮಾತ್ರ ಚೂರಾಗುತ್ತಾರೆ. ಮಿಂಚಿನ ಬಂದೂಕನ್ನು ನೀರಿನಲ್ಲಿ ಮುಳುಗಿ ಹಾರಿಸಿದರೆ ಸಾಯುವವರು ನೀವೇ. ಪ್ರತಿ ಆಯುಧಕ್ಕೂ, ಪ್ರತಿ ಶತ್ರುವಿಗೂ ಇಂಥದೊಂದು ಸ್ಪಷ್ಟ ನಿಯಮವಿದೆ. ಆ ನಿಯಮಗಳು ಒಂದೇ ಕೋಣೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಹುಟ್ಟುವ ಗಲಿಬಿಲಿಯನ್ನು ನಾನು ಇಷ್ಟು ವರ್ಷ ಆಡಿಯೂ ಮುಗಿಸಿಲ್ಲ.

ಈಗ ರೀಮಾಸ್ಟರ್ ಏನು ಮಾಡಿತು ಎಂಬುದು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಸಂಗೀತ ಮರಳಿದ್ದು. ನೈನ್ ಇಂಚ್ ನೇಲ್ಸ್ ಎಂಬ ರಾಕ್ ಸಂಗೀತ ತಂಡದ ಟ್ರೆಂಟ್ ರೆಜ್ನರ್ ಈ ಆಟಕ್ಕೆ ಸಂಗೀತ ಮತ್ತು ಸದ್ದುಗಳನ್ನು ಕೊಟ್ಟರು, ಆಟಗಾರ ನೆಗೆದಾಗ ಹೊಮ್ಮುವ ಹೂಂಕಾರವೂ ಅವರದೇ ದನಿ. ಆದರೆ ಸಂಗೀತ ಇದ್ದದ್ದು ಸಿಡಿಯ ಮೇಲೆ, ಮಾಮೂಲಿ ಹಾಡಿನ ಸಿಡಿಯಲ್ಲಿರುವಂತೆ ಬೇರೆ ಟ್ರ್ಯಾಕ್‌ಗಳಾಗಿ. ಆಟ ಸಿಡಿ ಬಿಟ್ಟು ಡೌನ್‌ಲೋಡ್ ರೂಪಕ್ಕೆ ಬಂದಾಗ ಆ ಟ್ರ್ಯಾಕ್‌ಗಳು ಜೊತೆಗೆ ಬರಲಿಲ್ಲ. ಹಾಗಾಗಿ ಸ್ಟೀಮ್‌ನಲ್ಲಿ ಕೊಂಡವರು ವರ್ಷಗಟ್ಟಲೆ ಮೂಕ ಕೋಟೆಗಳಲ್ಲಿ ಓಡಾಡಿದರು. ರೆಜ್ನರ್ ಅವರ ಈ ಸಂಗೀತದಲ್ಲಿ ಗುನುಗಲು ರಾಗ ಸಿಗುವುದಿಲ್ಲ. ದೂರದಲ್ಲಿ ಯಾವುದೋ ಯಂತ್ರ ಉಸಿರಾಡುತ್ತಿರುವಂಥ ಸದ್ದು, ಗೋಡೆಯಾಚೆಗಿನ ಪಿಸುಮಾತು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿ, ಮೊದಲ ಅಧ್ಯಾಯದ ಎರಡನೆಯ ಹಂತದ ಹೊತ್ತಿಗೆ ನೀವು ಬಾಗಿಲು ತೆರೆಯುವ ಮುನ್ನ ತಡೆದು ನಿಲ್ಲುತ್ತೀರಿ.

ಕಣ್ಣಿಗೆ ಸಂಬಂಧಿಸಿದ ಬದಲಾವಣೆಗಳು ಸಂಯಮದವು. ಚಿತ್ರ ಅಗಲ ಪರದೆಯನ್ನು ತುಂಬುತ್ತದೆ, 4ಕೆವರೆಗೂ ಹೋಗುತ್ತದೆ. ರಾಕ್ಷಸರ ಮತ್ತು ಆಯುಧಗಳ ಆಕಾರಗಳನ್ನು ನಯಗೊಳಿಸಿದ್ದಾರೆ. ಮೂಲದಲ್ಲಿ ರಾಕ್ಷಸರು ಬೊಂಬೆಗಳಂತೆ ತಡೆತಡೆದು ಚಲಿಸುತ್ತಿದ್ದರು, ಈಗ ಆ ಚಲನೆ ನುಣುಪಾಗಿದೆ. ರಾಕೆಟ್ ಹಾದುಹೋದರೆ ಕಂಬಗಳ ನೆರಳು ಗೋಡೆಯ ಮೇಲೆ ಸರಿಯುತ್ತದೆ. ಇವುಗಳಲ್ಲಿ ಬೇಡವಾದದ್ದನ್ನು ಆಯ್ಕೆಗಳಲ್ಲಿ ತೆಗೆದುಹಾಕಬಹುದು. ದೂರದ ವಸ್ತುಗಳನ್ನು ಮಸುಕಾಗಿಸುವ ಪರಿಣಾಮವನ್ನು ನಾನು ಮೊದಲ ದಿನವೇ ತೆಗೆದುಬಿಟ್ಟೆ. ದೂರದಲ್ಲಿರುವವನನ್ನು ಸ್ಪಷ್ಟವಾಗಿ ಕಾಣಬೇಕಾದ ಆಟ ಇದು.

ಕೈಗೆ ಸಂಬಂಧಿಸಿದ್ದನ್ನು ಅವರು ಹೆಚ್ಚು ಮುಟ್ಟಲಿಲ್ಲ, ಅದೇ ಅವರ ವಿವೇಕ. ಓಟ, ನೆಗೆತ, ರಾಕೆಟ್ಟಿನ ತಳ್ಳು ಹಳೆಯ ಹಾಗೆಯೇ ಇವೆ. ಅಡ್ಡಿಗಳನ್ನಷ್ಟೇ ತೆಗೆದಿದ್ದಾರೆ. 1996ರಲ್ಲಿ ಇಲಿಯಿಂದ ಸರಾಗವಾಗಿ ಮೇಲೆ ಕೆಳಗೆ ನೋಡಬೇಕಾದರೆ ಆಟದೊಳಗೆ ಒಂದು ಆಜ್ಞೆಯನ್ನು ಟೈಪ್ ಮಾಡಬೇಕಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಈಗ ತೆರೆದ ಕೂಡಲೇ ಆಡಬಹುದು, ಜಾಯ್‌ಸ್ಟಿಕ್ ಇದ್ದರೂ ಸರಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಇದು ತಡವರಿಸದೆ ನಡೆಯುತ್ತದೆ.

ಕೊಟ್ಟ ದುಡ್ಡಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದರೆ, ಬಹಳ. ಮೂಲದ ನಾಲ್ಕು ಅಧ್ಯಾಯಗಳು, 1997ರ ಎರಡು ಹೆಚ್ಚುವರಿ ಪ್ಯಾಕ್‌ಗಳು, ಸ್ವೀಡನ್ನಿನ ಮಷೀನ್‌ಗೇಮ್ಸ್ ತಂಡ ಆಟದ ಇಪ್ಪತ್ತನೆಯ ವರ್ಷಕ್ಕೆಂದು 2016ರಲ್ಲಿ ಕೊಟ್ಟ ಒಂದು ಅಧ್ಯಾಯ, ಅದೇ ತಂಡ ಈ ರೀಮಾಸ್ಟರ್‌ಗಾಗಿಯೇ ಕಟ್ಟಿದ ‘ಡೈಮೆನ್ಷನ್ ಆಫ್ ದ ಮಷೀನ್’. ಈ ಕೊನೆಯದು ಅಪರೂಪದ್ದು. ಹಂತಗಳು ಎಷ್ಟು ವಿಶಾಲವೆಂದರೆ 1996ರ ಕಂಪ್ಯೂಟರ್ ಅವುಗಳ ಒಂದು ಮೂಲೆಯನ್ನೂ ತೋರಿಸಲಾರದೆ ನಿಂತುಬಿಡುತ್ತಿತ್ತು. ದಯವಿಟ್ಟು ಅದನ್ನು ಮೊದಲು ಆಡಬೇಡಿ. ಮೂಲವನ್ನು ಮುಗಿಸಿದವರ ಕೈಚಳಕವನ್ನು ನಂಬಿ ಕಟ್ಟಿದ್ದು ಅದು. ರೀಮಾಸ್ಟರ್ ಬಿಡುಗಡೆಯಾದ ಬಳಿಕ ಅಲೆ ಅಲೆಯಾಗಿ ಬರುವ ಶತ್ರುಗಳನ್ನು ತಡೆಯುವ ಹೋರ್ಡ್ ಎಂಬ ಬಗೆ ಸೇರಿತು, ಹೊರಗಿನವರು ಕಟ್ಟಿದ ಕೆಲವು ಆಯ್ದ ಹಂತಗಳು ಮೆನುವಿನಿಂದಲೇ ಉಚಿತವಾಗಿ ಇಳಿಯುತ್ತವೆ. ಒಂದೇ ಪರದೆಯನ್ನು ಹಂಚಿಕೊಂಡು ನಾಲ್ವರು ಆಡಬಹುದು. ಕಳೆದ ದಸರಾ ರಜೆಯಲ್ಲಿ ನನ್ನ ತಮ್ಮನೂ ನಾನೂ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಇಡೀ ಮೊದಲ ಅಧ್ಯಾಯವನ್ನು ಜೊತೆಯಾಗಿ ಮುಗಿಸಿದೆವು. “ಅಣ್ಣ, ಅಲ್ಲೇ ನಿಲ್ಲು, ರಾಕೆಟ್ ಹಾರಿಸಬೇಡ” ಎಂದು ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಕೊರತೆಗಳನ್ನೂ ಹೇಳಬೇಕು. ಕಥೆ ಎಂಬುದು ಹೆಸರಿಗೆ ಮಾತ್ರ. ಬೇರೆ ಲೋಕಕ್ಕೆ ತೆರೆಯುವ ಬಾಗಿಲುಗಳಿವೆ, ಅಲ್ಲಿಂದ ವೈರಿಗಳು ಬರುತ್ತಿದ್ದಾರೆ, ನೀವು ಹೋಗಿ ತಡೆಯಬೇಕು, ಅಷ್ಟೇ. ಶತ್ರುಗಳ ಬಗೆಗಳು ಕಡಿಮೆ, ಮೂರನೆಯ ಅಧ್ಯಾಯದ ಹೊತ್ತಿಗೆ ಹೆಚ್ಚಿನವರ ಪರಿಚಯವಾಗಿರುತ್ತದೆ. ನಾಲ್ಕು ಅಧ್ಯಾಯಗಳಿಗೆ ದೊಡ್ಡ ಮುಖಾಮುಖಿಗಳು ಎರಡೇ, ಅವೂ ಕಾಳಗಕ್ಕಿಂತ ಒಗಟಿನಂತಿವೆ. ಆಟ ತಯಾರಾಗುವಾಗ ತಂಡ ದಣಿದು ಒಡೆಯುತ್ತಿತ್ತು, ಬಿಡುಗಡೆಯಾದ ಕೆಲವೇ ವಾರಗಳಲ್ಲಿ ರೊಮೆರೊ ಸಂಸ್ಥೆಯನ್ನು ಬಿಟ್ಟರು. ಕೊನೆಯ ಭಾಗದಲ್ಲಿ ಆ ದಣಿವು ಕಾಣುತ್ತದೆ. ಪ್ರತಿ ವಾರ ಹೊಸ ಉಡುಪು, ಹೊಸ ಪದಕ, ಏರುತ್ತ ಹೋಗುವ ಶ್ರೇಣಿ ಇವುಗಳೇ ನಿಮ್ಮನ್ನು ಆಟಕ್ಕೆ ಮರಳಿ ಕರೆತರುವುದಾದರೆ ಇದರಲ್ಲಿ ಅವು ಯಾವುವೂ ಇಲ್ಲ. ಆನ್‌ಲೈನ್ ಕಾದಾಟವೊಂದನ್ನೇ ನೆಚ್ಚಿಕೊಂಡು ಕೊಳ್ಳುವುದನ್ನೂ ನಾನು ಸೂಚಿಸುವುದಿಲ್ಲ. ಎದುರಾಳಿ ದೂರದ ದೇಶದಲ್ಲಿದ್ದರೆ ಇಷ್ಟು ವೇಗದ ಆಟದಲ್ಲಿ ಕ್ಷಣದ ತಡವೂ ಸೋಲಾಗುತ್ತದೆ. ಕಂಪ್ಯೂಟರ್ ನಡೆಸುವ ಎದುರಾಳಿಗಳು ಇದ್ದಾರೆ, ಅಭ್ಯಾಸಕ್ಕೆ ಅವರು ಸಾಕು. ರಕ್ತಪಾತ ಧಾರಾಳವಾಗಿದೆ, ಮನೆಯ ಮಕ್ಕಳ ಕೈಗೆ ಕೊಡುವ ಆಟವಲ್ಲ.

ಕೊಳ್ಳದೆಯೂ ಆಡುವ ದಾರಿ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. 1999ರ ಡಿಸೆಂಬರ್‌ನಲ್ಲಿ ಐಡಿ ಸಂಸ್ಥೆ ಈ ಆಟದ ಎಂಜಿನ್‌ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ‘ಕ್ವೇಕ್‌ಸ್ಪಾಸ್ಮ್’, ‘ಐರನ್‌ವೇಲ್’ ಮುಂತಾದ ಉಚಿತ ಎಂಜಿನ್‌ಗಳು ಹುಟ್ಟಿವೆ. ಆದರೆ ಬಿಟ್ಟುಕೊಟ್ಟದ್ದು ಎಂಜಿನ್ ಮಾತ್ರ. ಹಂತಗಳು, ಚಿತ್ರಗಳು, ಸದ್ದುಗಳಿಗೆ ಆಟವನ್ನು ಕೊಂಡಿರಲೇಬೇಕು. ಸ್ಟೀಮ್‌ನಲ್ಲಿ ಕೊಂಡರೆ ಮೂಲ ಆಟದ ಕಡತಗಳೂ ಜೊತೆಗೇ ಬರುವುದರಿಂದ, ಮುಂದೆ ಅಭಿಮಾನಿಗಳು ಕಟ್ಟಿದ ಸಾವಿರಾರು ಹಂತಗಳತ್ತ ಮನಸ್ಸು ಹರಿದರೆ ಈ ಎಂಜಿನ್‌ಗಳಿಗೂ ಅದೇ ಕಡತಗಳನ್ನು ಕೊಡಬಹುದು. ಒಂದೇ ಖರ್ಚಿನಲ್ಲಿ ಎರಡೂ ದಾರಿ ತೆರೆಯುತ್ತದೆ.

ಬಿಡುಗಡೆಯಾದಾಗ ಇದರ ಬೆಲೆ ಅಮೆರಿಕದಲ್ಲಿ 9.99 ಡಾಲರ್ ಇತ್ತು. ರಿಯಾಯಿತಿಗಳಲ್ಲಿ ಆಗಾಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ನಿಮಗೀಗ ಕಂಡಿರುವುದೂ ಅಂಥದೇ ಇರಬೇಕು. ಇದೇ ನೈಟ್‌ಡೈವ್ ಕೈಯಿಟ್ಟ ‘ಕ್ವೇಕ್ 2’ 2023ರಲ್ಲೂ ‘ಡೂಮ್’ ಮತ್ತು ‘ಡೂಮ್ 2’ ಒಟ್ಟಾಗಿ 2024ರಲ್ಲೂ ಬಂದವು. ಮೂರೂ ಒಳ್ಳೆಯವೇ. ಒಂದಕ್ಕೇ ದುಡ್ಡಿದ್ದರೆ ನನ್ನ ಮತ ಮೊದಲ ಕ್ವೇಕ್‌ಗೆ, ಏಕೆಂದರೆ ಆ ಓಟ ಉಳಿದವುಗಳಲ್ಲಿ ಇಷ್ಟು ಹಗುರವಾಗಿಲ್ಲ.

ಆಟ ತೆರೆದಾಗ ನಿಮಗೆ ಸಿಗುವುದು ಒಂದು ಕತ್ತಲ ಹಜಾರ. ಸುಲಭ, ಸಾಧಾರಣ, ಕಷ್ಟ ಎಂಬ ಆಯ್ಕೆಗಳು ಅಲ್ಲಿ ಮೂರು ದಾರಿಗಳಾಗಿವೆ, ಯಾವುದರೊಳಗೆ ನಡೆಯುತ್ತೀರೋ ಅದೇ ನಿಮ್ಮ ಆಯ್ಕೆ. ನಡುವಿನದನ್ನು ಹಿಡಿಯಿರಿ. 1996ರಲ್ಲಿ ಮೊದಲ ಅಧ್ಯಾಯವನ್ನು ಪುಕ್ಕಟೆ ಹಂಚಿ, ಹಿಡಿಸಿದವರು ಮಾತ್ರ ಉಳಿದದ್ದನ್ನು ಕೊಳ್ಳುವ ಏರ್ಪಾಡಿತ್ತು. ಈಗಲೂ ಹೆಚ್ಚುಕಡಿಮೆ ಅದೇ ಅವಕಾಶ ನಿಮಗಿದೆ. ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ಹಿಂತಿರುಗಿಸುತ್ತದೆ. ಮೊದಲ ಅಧ್ಯಾಯದ ಕೊನೆಯಲ್ಲಿ ಲಾವಾದಿಂದ ಎದ್ದು ಬರುವ ಚ್ಥಾನ್ ಎಂಬ ದೈತ್ಯನಿಗೆ ನಿಮ್ಮ ಯಾವ ಬಂದೂಕೂ ತಾಗುವುದಿಲ್ಲ, ಸುತ್ತಲಿನ ಕಟ್ಟಡವನ್ನು ನೋಡಿ ಉಪಾಯ ಹುಡುಕಬೇಕು. ಅವನನ್ನು ಕೆಡವುವ ಹೊತ್ತಿಗೆ ಎರಡು ಗಂಟೆಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಆಗ ತೀರ್ಮಾನಿಸಿ.